ಆರನೆಯ ತೋಟಾ

ಬಂದೂಕಿನ ತೋಟಾದ ಬಾಯಿ ಬಿಚ್ಚಿ, ಸೀಸದ ಚರೆಗಳನ್ನು ಮೇಜಿನ ಮೇಲೆ ಸುರಿದು, ಆ ಜಾಗಕ್ಕೆ ಚಿನ್ನದ ಪುಡಿ ತುಂಬಿದಳು ಮರಿಗೆಯಮ್ಮ. ಒಟ್ಟು ಆರು ತೋಟಾ.

"ಒಂದು ಕಣ ಕೂಡ ಕೆಳಗೆ ಬೀಳಬಾರದು," ಎಂದ ಗಣಿಯ ಧಣಿ. "ಒಳ್ಳೇ ಕಾಲದಲ್ಲಿ ಎತ್ತಿಟ್ಟಿದ್ದು. ಇಷ್ಟೇ ಉಳಿದಿರೋದು."

ಜಲ್ಲಿಗೆ ಗುಂಡು ಹೊಡೆದರೆ ಪುಡಿ ಒಳಗೆ ನಾಟಿಕೊಳ್ಳುತ್ತದೆ. ಆಮೇಲೆ ಯಾರು ತೊಳೆದರೂ ತಳದಲ್ಲಿ ಚಿನ್ನ ಮಿನುಗುತ್ತದೆ. ಗಣಿ ಕೊಳ್ಳಬೇಕೆಂದಿದ್ದ ಕಂಪನಿಯ ಎಂಜಿನಿಯರ್ ಹತ್ತು ಗಂಟೆಗೆ ಬರುವವನಿದ್ದ. ಗಣಿಯ ಚರಿತ್ರೆ, ಈಗಿನ ಸ್ಥಿತಿ ಎರಡನ್ನೂ ಬರೆದು ವರದಿ ಕೊಡುವುದು ಅವನ ಕೆಲಸ.

ಹಳೆಯ ಹೊಳೆಪಾತ್ರದ ಉದ್ದಕ್ಕೂ ಐದು ಗುಂಡು ಸಿಡಿದವು. ಧಣಿಯ ತೋಳಿಗೆ ವಾತ ಹಿಡಿದಿತ್ತು, ಬಂದೂಕು ಅವಳ ಹೆಗಲ ಮೇಲೇ ಇತ್ತು.

"ಆರನೇದನ್ನ ಶೆಡ್ಡಿನ ಹತ್ತಿರ ಹೊಡಿ. ನಾನು ಹೋಗಿ ಗಡ್ಡ ಮಾಡ್ಕೋತೀನಿ."

"ನೀವು ಹೋಗಿ ಧಣಿ. ಎಲ್ಲಿ ಹೊಡೀಬೇಕು ಅಂತ ನನಗೆ ಗೊತ್ತು."

ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಆರನೆಯ ಸದ್ದು ಧಣಿಗೆ ಕೇಳಿಸಿತು. ಕೆಲಸ ಮುಗಿಯಿತು ಅಂದುಕೊಂಡ.

ಮರಿಗೆಯಮ್ಮನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೇನೋ ಇತ್ತು. ಮರದ ಮರಿಗೆಯಲ್ಲಿ ಮರಳು ಆಡಿಸಿ ಚಿನ್ನ ಬೇರೆ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಹಾಗಾಗಿ ಈ ಹೆಸರೇ ಅಂಟಿಕೊಂಡಿತು. ಅವಳ ಬೆನ್ನ ಹಿಂದೆ ಊರು ಇನ್ನೊಂದು ಹೆಸರು ಹೇಳುತ್ತಿತ್ತು: ಕಳ್ಳನ ಹೆಂಡತಿ. ಇಪ್ಪತ್ತೆರಡು ವರ್ಷದ ಹಿಂದೆ, ಗಣಿಯ ಮೇಸ್ತ್ರಿಯಾಗಿದ್ದ ಅವಳ ಗಂಡ ಒಂದಿಡೀ ಹಂಗಾಮಿನ ಚಿನ್ನ ಎತ್ತಿಕೊಂಡು ಪರಾರಿಯಾಗಿದ್ದ. ಹಾಗಂತ ಧಣಿ ಹೇಳಿದ್ದ, ಊರು ನಂಬಿತ್ತು. ಮೊದಲ ವರ್ಷ ಅವಳು ಹನ್ನೊಂದು ಸಲ ಠಾಣೆಯ ಮೆಟ್ಟಿಲು ಹತ್ತಿದ್ದಳು, ಹುಡುಕಿಕೊಡಿ ಎಂದು. "ನಿನ್ನ ಮಾತು ಕಟ್ಕೊಂಡು ಅಷ್ಟೆಲ್ಲ ಕೆಲಸ ಯಾರಮ್ಮ ಮಾಡ್ತಾರೆ?" ಎಂದು ನಕ್ಕು ಕಳಿಸಿದ್ದರು. ಹನ್ನೆರಡನೆಯ ಸಲ ಅವಳು ಹೋಗಲಿಲ್ಲ.

ಕಳ್ಳನ ಹೆಂಡತಿಯಾದರೂ ಹೊರಗೆ ಹಾಕಲಿಲ್ಲ, ಧಣಿಯದು ದೊಡ್ಡ ಮನಸ್ಸು ಎಂದು ಜನ ಹೊಗಳಿದರು. ಗಣಿ ಬರಿದಾಗಿ ನೂರು ಆಳುಗಳೂ ಚದುರಿಹೋದ ಮೇಲೆ ಉಳಿದವಳು ಇವಳೊಬ್ಬಳೇ.

"ಆ ಮನುಷ್ಯ ಕೈಗೆ ಸಿಕ್ಕಿದ್ರೆ ಏನ್ಮಾಡ್ತೀಯೇ?" ಎಂದು ನೆರೆಯ ಹೆಂಗಸರು ಕೆಣಕುತ್ತಿದ್ದರು.

"ಒಂದು ಸಲ ಸಿಗಲಿ," ಎನ್ನುತ್ತಿದ್ದಳು, ಹಲ್ಲು ಕಚ್ಚಿ.

ಎಂಜಿನಿಯರ್ ಹೇಳಿದ ಹೊತ್ತಿಗೆ ಬಂದ. ಧಣಿ ಜಾಗ ತೋರಿಸುತ್ತ ಬಾಯಿ ತುಂಬ ಚರಿತ್ರೆ ಹೇಳಿದ. ಹೊಳೆ ದಿಕ್ಕು ಬದಲಿಸಿ ಬಿಟ್ಟುಹೋದ ಜಲ್ಲಿಯಲ್ಲಿ ತನ್ನ ಅಪ್ಪ ಮೊದಲ ಚಿನ್ನ ಕಂಡದ್ದು. ಅರ್ಧ ಮೈಲಿ ಮರದ ಕಾಲುವೆ ಕಟ್ಟಿ ನೀರು ತಂದದ್ದು. ಮೇಲಿನದು ಮುಗಿದಾಗ ದಿಬ್ಬಕ್ಕೆ ಮೂರು ಸುರಂಗ ಕೊರೆದದ್ದು. ಈಗ ಕಾಲುವೆಯ ಹಲಗೆಗಳು ಗೆದ್ದಲು ಹಿಡಿದಿದ್ದವು. ಪಂಪು ತುಕ್ಕಿನ ಮುದ್ದೆಯಾಗಿತ್ತು. ಎರಡು ಸುರಂಗಗಳಲ್ಲಿ ನೀರು ನಿಂತಿತ್ತು, ಮೂರನೆಯದರ ಬಾಯಿ ಮಣ್ಣು ಕುಸಿದು ಮುಚ್ಚಿಹೋಗಿತ್ತು.

"ಎಲ್ಲಿ ಬೇಕಾದ್ರೂ ಅಗೀಬಹುದಾ?" ಎಂಜಿನಿಯರ್ ಕಾಗದ ಮುಂದೆ ಹಿಡಿದ.

"ಧಾರಾಳವಾಗಿ!" ಧಣಿ ಸಹಿ ಹಾಕಿದ.

ಮರಿಗೆಯಮ್ಮ ಹೊಳೆಪಾತ್ರದ ಜಲ್ಲಿ ತೊಳೆದಳು. ಮೊದಲ ಮರಿಗೆಯ ತಳದಲ್ಲೇ ಹಳದಿ ಗೆರೆ ಎದ್ದಿತು. ಎಂಜಿನಿಯರನ ಕನ್ನಡಕ ಮೂಗಿನ ತುದಿಗೆ ಜಾರಿತು. ಐದೂ ಕಡೆ ಅದೇ ಕಥೆ. ಧಣಿಯ ಮೀಸೆಯಡಿ ನಗು ಮೂಡಿತು.

"ಸಾರ್," ಎಂದಳು ಅವಳು, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. "ಮೂರನೇ ಸುರಂಗದ ಬಾಯಲ್ಲೂ ಒಂದು ಮರಿಗೆ ನೋಡಿಬಿಡಿ."

"ಅಲ್ಲಿ ಬೇಡ!" ಧಣಿಯ ದನಿ ಒಡೆಯಿತು. "ಅಲ್ಲೇನೂ ಇಲ್ಲ. ದಿಬ್ಬ ಸಡಿಲ ಇದೆ, ಮೈಮೇಲೆ ಬಿದ್ದೀತು."

ಎಂಜಿನಿಯರ್ ಒಮ್ಮೆ ಅವನನ್ನು ನೋಡಿದ, ಒಮ್ಮೆ ದಿಬ್ಬವನ್ನು. ತಾನೇ ಒಂದು ಸಲಿಕೆ ಜಲ್ಲಿ ತುಂಬಿ ತಂದ. ತೊಳೆದಾಗ ಉಳಿದೆಲ್ಲ ಕಡೆಗಿಂತ ದಪ್ಪನೆಯ ಗೆರೆ ಕಂಡಿತು.

ಧಣಿ ಅವಳತ್ತ ತಿರುಗಿದ. ಅವಳು ಮರಿಗೆ ತೊಳೆಯುತ್ತಿದ್ದಳು.

"ಅರ್ಧ ಬೆಲೆಗೆ ಕೊಡ್ತೀನಿ," ಎಂದ ಧಣಿ, ಎಂಜಿನಿಯರನ ತೋಳು ಹಿಡಿದು. "ಇವತ್ತೇ ಬರ್ಕೊಡ್ತೀನಿ. ಆ ಸುರಂಗ ಒಂದು ಬಿಟ್ಟುಬಿಡಿ."

"ಅಂದ್ರೆ ನಿಜವಾದ ನಿಧಿ ಅಲ್ಲೇ ಇದೆ ಅಂತಾಯ್ತು," ಎಂದು ಎಂಜಿನಿಯರ್ ನಕ್ಕ. "ನಾನೂ ಈ ಕೆಲಸದಲ್ಲೇ ಕೂದಲು ಹಣ್ಣು ಮಾಡ್ಕೊಂಡೋನು ಸ್ವಾಮಿ. ಸಹಿ ಹಾಕಿದ್ದೀರಿ. ನಾಳೆ ಯಂತ್ರ ತರಿಸ್ತೀನಿ."

ಮರುದಿನ ಬೆಳಿಗ್ಗೆ ಯಂತ್ರ ದಿಬ್ಬದ ಬುಡಕ್ಕೆ ಹಲ್ಲು ಹಾಕಿತು. ಧಣಿ ಬಿಳಿಚಿಕೊಂಡು ದೂರ ನಿಂತಿದ್ದ. ಓಡಿಹೋದರೆ ಅನುಮಾನ, ನಿಂತರೆ ಅಪಾಯ. ಹನ್ನೊಂದರ ಹೊತ್ತಿಗೆ ಮಣ್ಣೊಳಗೆ ಆಸರೆಯ ಕಂಬಗಳು ಕಂಡವು. ಎಂಜಿನಿಯರ್ ಕುಕ್ಕರಗಾಲಲ್ಲಿ ಕೂತು ಒಂದರ ತುದಿಯನ್ನು ಸವರಿದ.

"ಇದು ಮುರಿದಿದ್ದಲ್ಲ. ಗರಗಸದಲ್ಲಿ ಕುಯ್ದಿದ್ದು. ಅದೂ ಹೊರಗಡೆಯಿಂದ."

ಗಂಡ ಕಾಣೆಯಾದ ದಿನ ಈ ದಿಬ್ಬದ ಕಡೆಯಿಂದ ಕೇಳಿದ್ದ ಗರಗಸದ ಸದ್ದನ್ನು ಮರಿಗೆಯಮ್ಮ ಹನ್ನೊಂದು ಸಲವೂ ಠಾಣೆಯಲ್ಲಿ ಹೇಳಿ ಆಗಿತ್ತು. ಒಬ್ಬ ಬಡವಿಯ ಮಾತಿಗೆ ದಿಬ್ಬ ಅಗೆಯುವವರಿಲ್ಲ, ಚಿನ್ನದ ಆಸೆಗಾದರೆ ಯಾರಾದರೂ ಅಗೆದಾರು ಎಂಬುದು ತಿಳಿಯಲು ಅವಳಿಗೆ ಇಪ್ಪತ್ತೆರಡು ವರ್ಷ ಹಿಡಿದಿತ್ತು.

ಕಂಬಗಳಾಚೆಯ ಮಣ್ಣು ಜರಿದು ಮನುಷ್ಯನ ಮೂಳೆಗಳು ಕಂಡವು. ಯಂತ್ರದವನು ಕಿರುಚಿ ಕೆಳಗೆ ಜಿಗಿದ. ಧಣಿ ನಿಂತಲ್ಲೇ ಕುಸಿದು ಕೂತ. ಎಂಜಿನಿಯರ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅವಳ ಕಡೆ ತಿರುಗಿ, ಯಾರಮ್ಮ ಇದು ಎಂದು ತೊದಲಿದ.

"ನಮ್ಮ ಯಜಮಾನರು," ಎಂದಳು ಮರಿಗೆಯಮ್ಮ, ತಲೆಯ ಮೇಲೆ ಸೆರಗೆಳೆದುಕೊಂಡು. "ಎಲ್ಲಿಗೂ ಓಡಿಹೋಗಿರಲಿಲ್ಲ."