ತುಂಬೆಗೆರೆಯ ಹಾಜರಿ

ಮೂರು ಸಲ ಹಾಜರಿ ಕೂಗಿದರೂ ಒಂದು ಕಪ್ಪೆಯೂ ಓಗೊಡದಿದ್ದರೆ, ಕಾನೂನಿನ ಪ್ರಕಾರ ಆ ಕೆರೆ ಸತ್ತಂತೆ. ಮರುದಿನವೇ ಅಲ್ಲಿ ಸೈಟು ಬೀಳುತ್ತದೆ. ಪರಿಸರ ಕಾನೂನು ಓದುವವರಿಗೆ ಈ ಹಾಜರಿಯೇ ಪ್ರಾಕ್ಟಿಕಲ್ ಪರೀಕ್ಷೆ.

ತುಂಬೆಗೆರೆ ಏರಿಯ ಮೇಲೆ ನಾಗಲಿಂಗಸ್ವಾಮಿ ಮೇಷ್ಟ್ರು ರಿಜಿಸ್ಟರ್ ಹಿಡಿದು ಎರಡು ಸಲ ಕೂಗಿ ಆಗಿತ್ತು. ಜೊಂಡು ಅಲುಗಲಿಲ್ಲ. ಸೈಟು ಅಳೆಯಲು ಟೇಪು ಹಿಡಿದು ಬಂದಿದ್ದ ಲೇಔಟಿನವನು ಪದೇ ಪದೇ ಗಡಿಯಾರ ನೋಡುತ್ತಿದ್ದ. ಪರೀಕ್ಷೆಗೆ ಬಂದಿದ್ದ ಚಿನ್ಮಯಿ ನಿಂತಲ್ಲಿ ನಿಲ್ಲಲಾರದೆ ಚಪ್ಪಲಿ ಉಜ್ಜುತ್ತಿದ್ದಳು. ಮೂರು ವರ್ಷ ಕ್ಲಾಸಿಗೆ ಬಾರದವರ ಹೆಸರಿಗೆಲ್ಲ ಬಗೆಬಗೆಯ ದನಿಯಲ್ಲಿ ಓಗೊಟ್ಟು ಪ್ರಾಕ್ಸಿ ಕೊಟ್ಟವಳು ಅವಳು.

"ತುಂಬೆಗೆರೆ ಕಪ್ಪೆಗಳು?" ಮೇಷ್ಟ್ರು ಕೊನೆಯ ಸಲ ಕೂಗಿದರು.

"ವಟರ್... ವಟರ್!"

ಮೇಷ್ಟ್ರು ಕನ್ನಡಕ ಕೆಳಗಿಳಿಸಿದರು. "ಚಿನ್ಮಯೀ, ಕಪ್ಪೆಗೂ ಪ್ರಾಕ್ಸಿ ಏನಮ್ಮಾ? ಡಿಬಾರ್ ಆಗ್ತೀಯ."

"ಆಗ್ಲಿ ಸಾರ್," ಎಂದವಳು ಇನ್ನೂ ಜೋರಾಗಿ ವಟಗುಟ್ಟಿದಳು.

ಆಗ ಜೊಂಡಿನ ಒಳಗಿಂದ, ತನ್ನ ಬೆಂಚಿನಲ್ಲಿ ಯಾರೋ ಬಂದು ಕೂತರೆಂಬ ಸಿಟ್ಟಿನಲ್ಲಿ, ಬೇರೆಯೇ ಒಂದು ಗಂಟಲು ಗುಡುಗಿತು.

ಲೇಔಟಿನವನು ಟೇಪು ಸುತ್ತಿಕೊಂಡ.

"ಜೊಂಡಿನೊಳಗಿನವನಿಗೆ ಹಾಜರಿ," ಮೇಷ್ಟ್ರು ಬರೆದುಕೊಂಡರು. "ನಿನಗೆ ಗೈರು. ಬರೋ ವರ್ಷ ಮತ್ತೆ ಪರೀಕ್ಷೆಗೆ ಇದೇ ಕೆರೆಗೆ ಬಾ."