ಟೀಚರ ಕಡೆಯ ತಿಪ್ಪೇಶ

ಕೊಳ್ಳುವವರಿಗೂ ಮಾರುವವರಿಗೂ ಒಬ್ಬನೇ ಬ್ರೋಕರ್ ಆದರೆ, ವ್ಯವಹಾರ ಮುಗಿಯುವ ತನಕ ಅವನು ಕಡೆಗೊಬ್ಬನಂತೆ, ಎರಡು ಮೈಯ ಇಬ್ಬರಾಗಿ ಇರಬೇಕು ಎಂಬ ಕಾನೂನು ಚಿತ್ರದುರ್ಗಕ್ಕೂ ಬಂದು ವರ್ಷಗಳಾಗಿದ್ದವು. ಬ್ರೋಕರ್ ತಿಪ್ಪೇಶ ಎಷ್ಟೋ ಸಲ ಹಾಗೆ ಇಬ್ಬರಾಗಿದ್ದ. ಇಬ್ಬರು ಗಂಡಂದಿರಿಗೂ ಊಟ ಬಡಿಸುವುದು ಅವನ ಹೆಂಡತಿ ವಿಶಾಲಾಕ್ಷಿಗೆ ರೂಢಿಯಾಗಿತ್ತು. ಆದರೆ ಈ ಸಲ ಮಾರಾಟಕ್ಕಿದ್ದದ್ದು ಅವಳಿಗೆ ತವರಿನಿಂದ ಬಂದ ಮನೆ.

ಆ ಮನೆಯ ಪಡಸಾಲೆಯಲ್ಲಿ ಅವಳ ಕಡೆಯ ತಿಪ್ಪೇಶ ಪಕ್ಕದಲ್ಲಿ ಕೂತು ಆಕಳಿಸುತ್ತಿದ್ದ. ಇನ್ನೊಬ್ಬ, ಕೊಳ್ಳಲು ಬಂದಿದ್ದ ನಿರ್ಮಲಾ ಟೀಚರಿಗೆ ಕೋಣೆ ಕೋಣೆ ತೋರಿಸುತ್ತ, ಹೊಸ್ತಿಲು ಎತ್ತರವಿದೆಯೆಂದು ಎಚ್ಚರಿಸುತ್ತ, ನಗಿಸುತ್ತ ಓಡಾಡುತ್ತಿದ್ದ. ಮದುವೆಯಾದ ಹೊಸತರಲ್ಲಿ ಮಾತ್ರ ಅವಳು ಕೇಳಿದ್ದ ದನಿ ಅದು. ವಿಶಾಲಾಕ್ಷಿಯ ಹೊಟ್ಟೆಯೊಳಗೆ ಕಿಚ್ಚು ಹೊತ್ತಿಕೊಂಡಿತು.

“ದುಡುಕಬ್ಯಾಡ್ರಿ ಮೇಡಂ. ಅಡುಗೆಮನೆ ಗೋಡೆ ಒಳಗೆಲ್ಲ ತೇವ ಐತೆ. ರೇಟು ಇಳಿಸ್ಲೇಬೇಕು,” ಎಂದ ಅವನು.

ಅದನ್ನು ಅವಳು ಗಂಡನಿಗೆ ಮಾತ್ರ ಹೇಳಿದ್ದಳು.

“ನೀವಾದ್ರೂ ಏನಾರ ಮಾತಾಡ್ರಿ!” ಎಂದು ಪಕ್ಕದವನನ್ನು ತಿವಿದಳು.

“ತೇವ ಇರೋದು ನಿಜಾನೇ ಅಲ್ವೇನೆ?” ಎಂದು ಅವನು ತಲೆ ತಗ್ಗಿಸಿದ.

ವಿಶಾಲಾಕ್ಷಿ ಎದ್ದು ನಿಂತಳು. “ಟೀಚರೇ, ನಾನು ಈ ಮನೆ ಮಾರಲ್ಲ. ತಪ್ಪು ತಿಳೀಬ್ಯಾಡ್ರಿ.”

ಟೀಚರ್ ಮುಖ ಸಣ್ಣದು ಮಾಡಿಕೊಂಡು ಹೊರಟರು. ಅವರ ತಿಪ್ಪೇಶ ಬ್ಯಾಗು ಹಿಡಿದುಕೊಂಡು, ಸಮಾಧಾನ ಹೇಳುತ್ತ ಗೇಟಿನವರೆಗೂ ಜೊತೆಗೆ ನಡೆದ.

“ನಾನು ಇಲ್ಲೇ ಇದೀನಲ್ಲೇ,” ಎಂದು ಪಕ್ಕದವನು ಮೆಲ್ಲಗೆ ಅವಳ ಕೈ ಹಿಡಿದ.

ವಿಶಾಲಾಕ್ಷಿ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಗೇಟಿನಲ್ಲಿ ನಿಂತವನು ಒಮ್ಮೆಯಾದರೂ ತನ್ನತ್ತ ತಿರುಗಿ ನೋಡಲಿ ಎಂದು ಕಾಯುತ್ತಲೇ ಇದ್ದಳು.