ಏಳನೆಯ ಚೀಟಿ

ಬಾಗಿಲಿಗೆ ಅಂಟಿಸಿದ್ದ ಕೆಂಪು ಶಾಯಿಯ ಚೀಟಿಯನ್ನು ಗಂಡ ಉಗುರಿನಿಂದ ಮೆಲ್ಲಗೆ ಕಿತ್ತ. ಹರಿಯದಂತೆ ಮಡಿಸಿ ಬೈಬಲ್ಲಿನ ನಡುವೆ ಇಟ್ಟ. ಇದು ಏಳನೆಯದು.

"ಯಾರಿಗಾದ್ರೂ ತೋರಿಸಿ ಓದಿಸೋಣ" ಎಂದಳು ಹೆಂಡತಿ.

"ಬರೆದವರ ಕೈಗೇ ಕೊಟ್ಟು ಓದಿಸಬೇಕಾ? ಕೆಂಪು ಶಾಯೀಲಿ ಯಾರಾದ್ರೂ ಕ್ಷೇಮಸಮಾಚಾರ ಬರೀತಾರಾ?"

ಅವಳಿಗೆ ನಗು ಬರಲಿಲ್ಲ. ಒಳಗೆ ಐದು ವರ್ಷದ ಮಗಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು.

ಊರ ಚರ್ಚಿನ ಸಭೆಯವರು ಹಾರ ಹಾಕಿ, ಫೋಟೋ ತೆಗೆಸಿ ಇವರನ್ನು ಈ ದೇಶಕ್ಕೆ ಕಳಿಸಿ ಎಂಟು ತಿಂಗಳಾಗಿತ್ತು. ಇಲ್ಲಿನ ಅಕ್ಷರಗಳು ಪಾಸ್ಟರಿಗೂ ಪಾಸ್ಟರಮ್ಮನಿಗೂ ಇನ್ನೂ ಇರುವೆ ಸಾಲಿನಂತೆಯೇ ಕಾಣುತ್ತಿದ್ದವು. ಭಾಷೆ ಕಲಿಸುತ್ತೇನೆಂದು ಬಂದ ಮೇಷ್ಟ್ರು ಎರಡನೆಯ ವಾರಕ್ಕೇ ಕೈಕೊಟ್ಟಿದ್ದ. ಬೇಕು, ಬೇಡ, ಎಷ್ಟು. ಜಗತ್ತಿಗೆ ಸುವಾರ್ತೆ ಸಾರಲು ಬಂದವರ ಬಾಯಲ್ಲಿ ಇದ್ದದ್ದು ಈ ಮೂರು ಮಾತು.

ಇವರಿಗಿಂತ ಮುಂಚೆ ಇದೇ ಮನೆಯಲ್ಲಿದ್ದ ಹಿರಿಯ ಪಾಸ್ಟರು ತಿಂಗಳುಗಟ್ಟಲೆ ನರಳಿ ಇಲ್ಲೇ ತೀರಿಕೊಂಡಿದ್ದರು. ಬೀರುವಿನಲ್ಲಿ ಅವರ ಡೈರಿ ಸಿಕ್ಕಿತ್ತು. ಕೊನೆಯ ಪುಟದ ಅಕ್ಷರಗಳು ನಡುಗುತ್ತಿದ್ದವು. 'ನನ್ನ ಮೈಗೆ ವಿಷ ಏರುತ್ತಿದೆ. ಎದುರು ಮನೆಯವರು ಕೊಟ್ಟದ್ದನ್ನು ಮುಟ್ಟಬೇಡಿ.' ಅದನ್ನು ಓದಿದ ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ.

ಎದುರು ಮನೆಯಲ್ಲಿ ಇದ್ದದ್ದು ಒಬ್ಬಳೇ ಅಜ್ಜಿ. ಗೂನು ಬೆನ್ನು, ಬೊಚ್ಚು ಬಾಯಿ. ಬೆಳಗಾದರೆ ಏದುಸಿರು ಬಿಡುತ್ತಾ ಒಂದು ಕೊಡ ನೀರು ತಂದು ಇವರ ಹೊಸ್ತಿಲ ಬಳಿ ಇಟ್ಟು ಹೋಗುತ್ತಿದ್ದಳು. ಕೇಳದೆಯೇ ಕೊಡುವವರನ್ನು ನಂಬುವುದು ಹೇಗೆ? ಪಾಸ್ಟರಮ್ಮ ಆ ನೀರನ್ನು ಮೆಟ್ಟಿಲ ಪಕ್ಕದ ಗುಲಾಬಿಗೆ ಚೆಲ್ಲಿ, ಖಾಲಿ ಕೊಡವನ್ನು ಹೊರಗಿಡುತ್ತಿದ್ದಳು. ಆ ಗುಲಾಬಿಯದು ಅದೆಂಥ ಗಟ್ಟಿ ಜೀವವೋ, ಸಾಯುವ ಬದಲು ಮೈತುಂಬ ಹೂ ಬಿಟ್ಟು ನಿಂತಿತ್ತು.

ಒಂದು ದಿನ ಅಜ್ಜಿ ಅದನ್ನು ಕಣ್ಣಾರೆ ಕಂಡಳು. ಸರಸರನೆ ಮೆಟ್ಟಿಲು ಹತ್ತಿ ಬಂದು, ಒಳಗಿದ್ದ ಮಗುವಿನತ್ತ ಬೆರಳು ತೋರಿಸಿದಳು. ತನ್ನ ಗಂಟಲ ಮೇಲೆ ಕೈ ಎಳೆದು ತೋರಿಸಿ, ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆಗೆ ವಾಲಿಸಿದಳು. ಪಾಸ್ಟರಮ್ಮ ಹಿಂದಕ್ಕೆ ಸರಿದಳು. ಬಾಗಿಲು ಹಾಕಿ ಅಗುಳಿ ಜಡಿದಳು.

"ಮಗೂನ ಮುಗಿಸ್ತೀವಿ ಅಂತ ಸನ್ನೆ ಮಾಡಿದ್ಲು. ವಾಪಸ್ ಹೋಗಿಬಿಡೋಣ."

"ಹಿಂಸೆ ಶುರುವಾಯ್ತು ಅಂದ್ರೆ ನಮ್ಮ ಕೆಲಸ ಸರಿಯಾಗಿ ನಡೀತಿದೆ ಅಂತ ಅರ್ಥ" ಎಂದ ಗಂಡ. ಅವನ ಮುಖದಲ್ಲಿ ಒಂದು ಬಗೆಯ ಸಂಭ್ರಮವೂ ಇತ್ತು. ಅವಳಿಗೆ ಅದು ಅಜ್ಜಿಯ ಸನ್ನೆಗಿಂತ ಹೆಚ್ಚು ಭಯ ಹುಟ್ಟಿಸಿತು.

ಮರುವಾರ ಹಿತ್ತಲಿನ ಕೈಪಂಪಿನ ಹಿಡಿ ಮಾಯವಾಗಿತ್ತು. ಪಂಪಿನ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಎರಡು ಗೆರೆಗಳು, ಕತ್ತರಿಯ ಆಕಾರದಲ್ಲಿ. ಶಿಲುಬೆಯನ್ನೇ ಓರೆಯಾಗಿ ಬರೆದು ಅಣಕಿಸಿದ್ದಾರೆ ಎಂದು ಗಂಡ ಕೆಂಡವಾದ. ಸೀಮೆಎಣ್ಣೆ ಹಾಕಿ ಉಜ್ಜಿ ಅಳಿಸಿದ. ಹೊಸ ಹಿಡಿ ಹಾಕಿಸಿ, ಹಿತ್ತಲಿಗೆ ಬೀಗ ಹಾಕಿದ. ಆ ಸಂಜೆ ಊರ ಸಭೆಗೆ ನಾಲ್ಕು ಪುಟದ ಪತ್ರ ಹೋಯಿತು.

ಮಗಳು ಮಾತ್ರ ದಿನೇ ದಿನೇ ಇಳಿದುಹೋಗುತ್ತಿದ್ದಳು. ತಿಂದದ್ದೆಲ್ಲ ವಾಂತಿ. ಎಳೆಯ ಅಂಗೈಯ ತುಂಬ ಒರಟು ಗಂಟು, ಕತ್ತಿನ ಮೇಲೆ ಕಪ್ಪು ಚುಕ್ಕೆ. ತಾಯಿ ಅವಳಿಗೆ ಹೊರಗಿನದು ಏನನ್ನೂ ಕೊಡುತ್ತಿರಲಿಲ್ಲ. ಹಾಲು ಬಿಡಿಸಿದ್ದಳು. ಪಂಪಿನಿಂದ ತಾನೇ ತಂದು ಕಾಯಿಸಿ ಆರಿಸಿದ ನೀರನ್ನು ಗಂಟೆಗೊಂದು ಲೋಟ ಕುಡಿಸುತ್ತಿದ್ದಳು.

"ಆಸ್ಪತ್ರೆಗೆ ಕರ್ಕೊಂಡು ಹೋಗೋಣ ರೀ."

"ಅಲ್ಲಿರೋರೂ ಇದೇ ಜನ ತಾನೇ? ಪ್ರಾರ್ಥನೆ ಮಾಡು."

ಅವಳು ಪ್ರಾರ್ಥನೆಯನ್ನೂ ಮಾಡಿದಳು. ಆಮೇಲೆ, ಗಂಡ ಇನ್ನೊಂದು ಪತ್ರ ಹಾಕಲು ಪೇಟೆಗೆ ಹೋದ ಹೊತ್ತಿನಲ್ಲಿ, ಏಳನೆಯ ಚೀಟಿಯನ್ನು ಬೈಬಲ್ಲಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗಳನ್ನು ಎತ್ತಿಕೊಂಡು, ಅವಳ ನೀರಿನ ಬಾಟಲಿ ತುಂಬಿಸಿಕೊಂಡು ಹೊರಟಳು. ಎದುರು ಮನೆಯ ಕಿಟಕಿಯಲ್ಲಿ ಅಜ್ಜಿ ನಿಂತಿದ್ದಳು.

ಡಾಕ್ಟರು ಹೊರದೇಶದಲ್ಲಿ ಓದಿ ಬಂದವರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಮಗುವಿನ ಅಂಗೈ ಬಿಡಿಸಿ ನೋಡಿದರು. ಉಗುರು ನೋಡಿದರು. ಇನ್ನೊಮ್ಮೆ ಅಂಗೈ ನೋಡಿದರು.

"ಇದು ವಿಷ. ಸ್ವಲ್ಪ ಸ್ವಲ್ಪವಾಗಿ, ತಿಂಗಳುಗಟ್ಟಲೆ ಹೊಟ್ಟೆಗೆ ಹೋಗಿದೆ."

"ಗೊತ್ತು" ಎಂದಳು. "ಯಾರು ಹಾಕಿದ್ದು ಅಂತಾನೂ ಗೊತ್ತು."

ಎಂಟು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಡೈರಿ, ಕೊಡ, ಸನ್ನೆ.

"ಅಜ್ಜಿ ತಂದ ನೀರನ್ನ ಮಗು ಕುಡೀತಿತ್ತಾ?"

"ಒಂದು ಹನೀನೂ ಇಲ್ಲ. ಎಲ್ಲ ಚೆಲ್ಲಿದೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಮತ್ತೆ ವಿಷ ಹೇಗೆ ಹೋಯ್ತು?"

"ಅದನ್ನ ನೀವೇ ಅವರನ್ನ ಕೇಳಿ." ಸೊಂಟದಿಂದ ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. "ಬೆದರಿಕೆ. ಇಂಥವು ಏಳು ಬಂದಿವೆ. ಕೆಳಗೆ ಅವರ ಗುಂಪಿನ ಮುದ್ರೆ ಬೇರೆ ಇದೆ. ಪೊಲೀಸರಿಗೆ ಕೊಡಿ."

ಡಾಕ್ಟರು ಓದಿದರು. ಮುದ್ರೆಯ ಮೇಲೆ ಬೆರಳಿಟ್ಟು, ಮೇಜಿನ ಮೇಲಿದ್ದ ಆಸ್ಪತ್ರೆಯ ಕಾಗದದಲ್ಲಿನ ಅದೇ ಮುದ್ರೆಯನ್ನು ತೋರಿಸಿದರು. ಪಕ್ಕದಲ್ಲಿ ಮಗಳು ಬಾಟಲಿಯ ಮುಚ್ಚಳ ತೆಗೆದು ಬಾಯಿಗೆ ಎತ್ತಿದಳು. ಡಾಕ್ಟರು ತಟ್ಟನೆ ಬಾಗಿ ಅದನ್ನು ಕಿತ್ತುಕೊಂಡರು.

"'ನಿಮ್ಮ ಪಂಪಿನ ನೀರಿನಲ್ಲಿ ವಿಷವಿದೆ, ಕುಡಿಯಬೇಡಿ'" ಎಂದು ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿ ಹೇಳಿದರು, "'ಕುಡಿಯುವ ನೀರನ್ನು ಎದುರು ಮನೆಯ ಅಜ್ಜಿ ದಿನಾ ನಿಮ್ಮ ಬಾಗಿಲಿಗೇ ತಂದುಕೊಡುತ್ತಾರೆ.'"